ಟೋ ಟ್ರಕ್ಕಿಗೆ ಯಾವ ಷಾಸಿ ಸರಿ? ಮೊದಲು ತೂಕ, ಆಮೇಲೆ ಕಂಪನಿ

ಅಮೆರಿಕದಲ್ಲಿ ಟೋ ಟ್ರಕ್ ಕಟ್ಟಿಸಲು ಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಕಂಪನಿಯದ್ದು. ಫೋರ್ಡಾ, ರ‍್ಯಾಮಾ, ಶೆವ್ರೊಲೆನಾ? ಎರಡನೆಯದು ಎಂಜಿನ್ನಿನದ್ದು. ಡೀಸೆಲ್ಲಾ, ಪೆಟ್ರೋಲಾ? ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಅವಕ್ಕಿಂತ ಮೊದಲು ಕೇಳಬೇಕಾದವು ಇನ್ನೆರಡು ಇವೆ. ಕ್ಯಾಬಿನ್ ಹಿಂದೆ ಯಾವ ಬಾಡಿ ಕೂರುತ್ತದೆ? ಆ ಬಾಡಿಯ ಮೇಲೆ ಅಥವಾ ಅದರ ತುದಿಯಲ್ಲಿ ಎಷ್ಟು ತೂಕ ಬರುತ್ತದೆ? ಇವೆರಡಕ್ಕೆ ಉತ್ತರ ಸಿಕ್ಕರೆ ಕಂಪನಿಯ ಆಯ್ಕೆ ಅರ್ಧ ಮುಗಿದಂತೆ. ಸಿಗದಿದ್ದರೆ ಎಷ್ಟು ದೊಡ್ಡ ಎಂಜಿನ್ ತಂದರೂ ಆ ಗಾಡಿ ಕೆಲಸಕ್ಕೆ ಒದಗುವುದಿಲ್ಲ.

ಇಲ್ಲಿ ಹೋಲಿಸುತ್ತಿರುವುದು ಪಿಕಪ್ ಕುಟುಂಬದಿಂದ ಬಂದ ಭಾರಿ ಷಾಸಿಗಳನ್ನು. ಅಂದರೆ ಫೋರ್ಡ್ ಎಫ್-350ರಿಂದ ಎಫ್-600ವರೆಗೆ, ರ‍್ಯಾಮ್ 3500ರಿಂದ 5500ವರೆಗೆ, ಶೆವ್ರೊಲೆ ಸಿಲ್ವರಾಡೊ 4500ರಿಂದ 6500ವರೆಗೆ. ಲೆಕ್ಕವೆಲ್ಲ ಪೌಂಡು ಮತ್ತು ಇಂಚಿನಲ್ಲಿದೆ. ಅಲ್ಲಿ ಗಾಡಿಯ ಬಾಗಿಲ ಬಳಿ ಅಂಟಿಸಿರುವ ತೂಕದ ಪಟ್ಟಿ, ಕಾನೂನು, ಕ್ಯಾಟಲಾಗ್ ಎಲ್ಲವೂ ಅದರಲ್ಲೇ ಇರುತ್ತವೆ. ಒಂದು ಪೌಂಡ್ ಅಂದರೆ ಸುಮಾರು 0.45 ಕಿಲೋ.

ಪಿಕಪ್ ಬೇರೆ, ಷಾಸಿ ಕ್ಯಾಬ್ ಬೇರೆ

ಶೋರೂಮಿನಲ್ಲಿ ನಿಂತ ಪಿಕಪ್‌ನ ಹಿಂದಿನ ತೊಟ್ಟಿ ಬಿಚ್ಚಿ ಅಲ್ಲಿ ಕ್ರೇನ್ ಕೂರಿಸಿದರೆ ಟೋ ಟ್ರಕ್ ಆಗುತ್ತದೆ ಎಂದು ಅನೇಕರು ಅಂದುಕೊಳ್ಳುತ್ತಾರೆ. ಹಾಗಲ್ಲ. ಷಾಸಿ ಕ್ಯಾಬ್ ಎಂದು ಮಾರುವ ಗಾಡಿಯಲ್ಲಿ ಕ್ಯಾಬಿನ್ನಿನ ಹಿಂದೆ ಚೌಕಟ್ಟು ನೇರವಾಗಿ, ಮೇಲ್ಭಾಗ ಸಮತಟ್ಟಾಗಿ ಹೋಗುತ್ತದೆ. ಎರಡು ಕಂಬಿಗಳ ಹೊರ ಅಂಚಿನಿಂದ ಹೊರ ಅಂಚಿಗೆ ಸುಮಾರು 34 ಇಂಚು ಇರುತ್ತದೆ. ಬಾಡಿ ಕಟ್ಟುವವರ ಸಬ್‌ಫ್ರೇಮುಗಳೆಲ್ಲ ಈ ಅಳತೆಗೇ ಬರುತ್ತವೆ. ಪಿಕಪ್ ಚೌಕಟ್ಟು ಹೀಗಿರುವುದಿಲ್ಲ. ಅದು ಏರುತ್ತದೆ, ಇಳಿಯುತ್ತದೆ, ಅಗಲವೂ ಬದಲಾಗುತ್ತದೆ. ತೊಟ್ಟಿ ಹೊರುವುದಕ್ಕೆ ಸರಿ, ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಮತ್ತು ಬೂಮ್ (ಭಾರ ಎತ್ತುವ ತೋಳು) ಹೊರುವುದಕ್ಕೆ ಅಲ್ಲ.

ಹೆಸರು ಇಲ್ಲಿ ತುಂಬ ಜನರನ್ನು ದಾರಿ ತಪ್ಪಿಸುತ್ತದೆ. ಎಫ್-450 ಎಂಬ ಪಿಕಪ್ಪೂ ಇದೆ, ಎಫ್-450 ಎಂಬ ಷಾಸಿ ಕ್ಯಾಬೂ ಇದೆ. ಪಿಕಪ್‌ನ ಒಟ್ಟು ತೂಕದ ಮಿತಿ 14,000 ಪೌಂಡ್. ಷಾಸಿ ಕ್ಯಾಬ್‌ನದ್ದು 16,500 ಪೌಂಡ್‌ವರೆಗೆ ಹೋಗುತ್ತದೆ. ಬಾಗಿಲ ಮೇಲಿನ ಬ್ಯಾಡ್ಜ್ ಒಂದೇ, ಅಡಿಯಲ್ಲಿರುವ ಗಾಡಿ ಬೇರೆ. ಹಳೆಯ ಗಾಡಿ ಕೊಳ್ಳುವಾಗ ಇದನ್ನು ಮರೆಯಬೇಡಿ.

ಇನ್ನೊಂದು ವ್ಯತ್ಯಾಸ ಜಾಹೀರಾತಿನಲ್ಲಿ ಕಾಣುವುದೇ ಇಲ್ಲ. ಷಾಸಿ ಕ್ಯಾಬ್‌ನಲ್ಲಿ ಅದೇ ಎಂಜಿನ್‌ಗೆ ಕಡಿಮೆ ಶಕ್ತಿ ಕಟ್ಟಿರುತ್ತಾರೆ. 2020ರ ಫೋರ್ಡ್ ಪಿಕಪ್‌ನಲ್ಲಿ 6.7 ಲೀಟರ್ ಪವರ್‌ಸ್ಟ್ರೋಕ್ ಡೀಸೆಲ್ 475 ಅಶ್ವಶಕ್ತಿ, 1,050 ಪೌಂಡ್-ಅಡಿ ಟಾರ್ಕ್ ಕೊಡುತ್ತಿತ್ತು. ಅದೇ ವರ್ಷದ ಷಾಸಿ ಕ್ಯಾಬ್‌ನಲ್ಲಿ 330 ಮತ್ತು 825. ಇದು ಕೊರತೆಯಲ್ಲ. ದಿನವಿಡೀ ಭಾರ ಹೊತ್ತು ಓಡುವ, ಗಂಟೆಗಟ್ಟಲೆ ನಿಂತಲ್ಲೇ ಎಂಜಿನ್ ಚಾಲೂ ಇರುವ ಗಾಡಿಗೆ ಹೀಗೆ ಕಟ್ಟಿಹಾಕುವುದೇ ಒಳ್ಳೆಯದು. ಪಿಕಪ್‌ನ ಅಂಕಿ ನೋಡಿ ಷಾಸಿ ಆರಿಸಿದರೆ ಮಾತ್ರ ನಿರಾಸೆ ಖಂಡಿತ.

ತೂಕದ ವರ್ಗಗಳು

ಅಮೆರಿಕದಲ್ಲಿ ಟ್ರಕ್ಕುಗಳನ್ನು ಒಟ್ಟು ತೂಕದ ಮಿತಿ ನೋಡಿ ವರ್ಗ ಮಾಡುತ್ತಾರೆ. ಗಾಡಿ, ಬಾಡಿ, ಡ್ರೈವರ್, ಇಂಧನ, ಸಾಮಾನು, ಮೇಲಿನ ಹೊರೆ ಎಲ್ಲ ಸೇರಿ ಎಷ್ಟು ತೂಗಬಹುದು ಎಂಬ ಮಿತಿ ಅದು. ಜಿವಿಡಬ್ಲ್ಯುಆರ್ ಎಂದು ಕರೆಯುತ್ತಾರೆ. ಕ್ಲಾಸ್ 3 ಅಂದರೆ 10,001ರಿಂದ 14,000 ಪೌಂಡ್. ಕ್ಲಾಸ್ 4 ಅಂದರೆ 16,000ವರೆಗೆ. ಕ್ಲಾಸ್ 5 ಅಂದರೆ 19,500ವರೆಗೆ. ಕ್ಲಾಸ್ 6 ಅಂದರೆ 26,000ವರೆಗೆ.

ಎಫ್-350 ಮತ್ತು ರ‍್ಯಾಮ್ 3500 ಕ್ಲಾಸ್ 3ರ ಮೇಲಂಚಿನಲ್ಲಿವೆ. ಎಫ್-550, ರ‍್ಯಾಮ್ 5500, ಸಿಲ್ವರಾಡೊ 5500 ಮೂರೂ ಕ್ಲಾಸ್ 5. ಎಫ್-600 ಮತ್ತು ಸಿಲ್ವರಾಡೊ 6500 ಕ್ಲಾಸ್ 6ಕ್ಕೆ ಕಾಲಿಡುತ್ತವೆ. ಎಫ್-600ರ ಮಿತಿ 22,000 ಪೌಂಡ್, ಸಿಲ್ವರಾಡೊ 6500ರದ್ದು 23,000ದ ಆಸುಪಾಸು. ರ‍್ಯಾಮ್‌ನಲ್ಲಿ ಕ್ಲಾಸ್ 6 ಇಲ್ಲ.

ನಡುವಿನ 4500 ಮತ್ತು ಎಫ್-450 ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೋ ಟ್ರಕ್ಕಿಗೆ ಅವು ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ. ಗಾತ್ರ, ತಿರುವು, ಇಂಧನದ ಖರ್ಚು ಎಲ್ಲ ಹೆಚ್ಚುಕಡಿಮೆ 5500ರದ್ದೇ, ಹೊರುವ ಶಕ್ತಿ ಮಾತ್ರ ಸುಮಾರು 3,000 ಪೌಂಡ್ ಕಡಿಮೆ. ನೋಂದಣಿ ಶುಲ್ಕವೋ ವಿಮೆಯೋ ಬಲವಾದ ಕಾರಣವಾಗದಿದ್ದರೆ ನೇರ ಕ್ಲಾಸ್ 5ಕ್ಕೆ ಹೋಗಿ.

ವೀಲ್ ಲಿಫ್ಟ್ ಆದರೆ: ಮುಂದಿನ ಆಕ್ಸಲ್ ಮರೆಯಬೇಡಿ

ಕಾರಿನ ಒಂದು ಜೋಡಿ ಚಕ್ರ ಎತ್ತಿ ಎಳೆದೊಯ್ಯುವ ಟ್ರಕ್ಕಿಗೆ ರೆಕರ್ ಎನ್ನುತ್ತಾರೆ. ಈ ಕಸುಬಿನ ಶುರುವೂ ಇಲ್ಲಿಂದಲೇ. 1916ರಲ್ಲಿ ಟೆನೆಸ್ಸಿಯ ಚಟನೂಗದಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬ ಮೆಕ್ಯಾನಿಕ್ 1913ರ ಕ್ಯಾಡಿಲಾಕ್ ಕಾರಿನ ಷಾಸಿಗೆ ಕಂಬ, ರಾಟೆ, ಸರಪಳಿ ಕಟ್ಟಿ ಮೊದಲ ರೆಕರ್ ಮಾಡಿದರು. ಎಳೆಯುವಾಗ ಅದು ಅಲುಗದೆ ನಿಲ್ಲಲಿ ಎಂದು ಆಮೇಲೆ ಪಕ್ಕಕ್ಕೆ ಊರುಗಾಲು ಸೇರಿಸಿದರು. ಭಾರ ಎತ್ತುವುದಕ್ಕಿಂತ ಎತ್ತಿದ ಮೇಲೆ ಗಾಡಿ ತನ್ನ ಕಾಲ ಮೇಲೆ ನಿಲ್ಲುವುದು ಕಷ್ಟ ಎಂದು ಅವರಿಗೆ ಆಗಲೇ ಗೊತ್ತಾಗಿತ್ತು. ಇಂದಿಗೂ ಷಾಸಿ ಆರಿಸುವಾಗ ನೋಡಬೇಕಾದ್ದು ಇದನ್ನೇ.

ಹಿಂದಿನ ಆಕ್ಸಲ್‌ನಿಂದ ಆಚೆಗೆ ಚಾಚಿದ ಕೈಯಲ್ಲಿ, ಅಂದರೆ ವೀಲ್ ಲಿಫ್ಟ್ ಮೇಲೆ, ಕಾರು ತೂಗುತ್ತಿರುತ್ತದೆ. ಬಾವಿಯ ಏತದ ಹಾಗೆ, ಹಿಂದೆ ಭಾರ ಬಿದ್ದಷ್ಟೂ ಮುಂದಿನ ತುದಿ ಏಳುತ್ತದೆ. ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಾದರೆ ಸ್ಟೀರಿಂಗ್ ಹಿಡಿತ ಹೋಗುತ್ತದೆ, ಮುಂದಿನ ಬ್ರೇಕ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಮಳೆಯಲ್ಲಿ ಇಳಿಜಾರಿನ ತಿರುವಿನಲ್ಲಿ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಅದಕ್ಕೇ ಟೋಯಿಂಗ್ ಉದ್ಯಮದಲ್ಲಿ ಒಂದು ನಿಯಮ ಪಾಲಿಸುತ್ತಾರೆ. ಖಾಲಿ ಇದ್ದಾಗ ಮುಂದಿನ ಆಕ್ಸಲ್ ಮೇಲೆ ಎಷ್ಟು ತೂಕ ಇತ್ತೋ ಅದರ ಅರ್ಧವಾದರೂ ಎಳೆಯುವಾಗ ಉಳಿದಿರಬೇಕು. ಲೆಕ್ಕ ಸುಲಭ. ಮುಂದಿನ ಆಕ್ಸಲ್‌ನ ಖಾಲಿ ತೂಕದ ಅರ್ಧವನ್ನು ವೀಲ್‌ಬೇಸ್‌ನಿಂದ, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರದಿಂದ, ಗುಣಿಸಿ. ಬಂದದ್ದನ್ನು ಹಿಂದಿನ ಆಕ್ಸಲ್‌ನ ನಡುವಿನಿಂದ ಎತ್ತುವ ಜಾಗದವರೆಗಿನ ದೂರದಿಂದ ಭಾಗಿಸಿ. ಬರುವುದೇ ನೀವು ಎತ್ತಬಹುದಾದ ಗರಿಷ್ಠ ತೂಕ.

ಉದಾಹರಣೆ ನೋಡಿ. ಬಾಡಿ ಕೂರಿಸಿದ ಮೇಲೆ ಮುಂದಿನ ಆಕ್ಸಲ್ 6,000 ಪೌಂಡ್ ತೂಗುತ್ತದೆ ಎಂದಿಟ್ಟುಕೊಳ್ಳಿ. ವೀಲ್‌ಬೇಸ್ 169 ಇಂಚು, ಚಾಚು 90 ಇಂಚು. 3,000ವನ್ನು 169ರಿಂದ ಗುಣಿಸಿ 90ರಿಂದ ಭಾಗಿಸಿದರೆ ಸುಮಾರು 5,630 ಪೌಂಡ್. ಅದೇ ಗಾಡಿ 145 ಇಂಚಿನ ಗಿಡ್ಡ ವೀಲ್‌ಬೇಸ್‌ನಲ್ಲಿ ಬಂದರೆ 4,830 ಮಾತ್ರ. ಈಗ ಮೊದಲಿನ ಉದ್ದದ ಗಾಡಿಯಲ್ಲೇ ಲಿಫ್ಟ್‌ನ ಕೈಯನ್ನು ಇನ್ನೂ 20 ಇಂಚು ಹೊರಗೆ ಚಾಚಿ. ಮಿತಿ 4,610ಕ್ಕೆ ಇಳಿಯಿತು. ಎಂಜಿನ್ ಬದಲಾಗಿಲ್ಲ, ಸ್ಪ್ರಿಂಗ್ ಬದಲಾಗಿಲ್ಲ. ಕೈ ಚಾಚಿದ್ದಕ್ಕೇ ಸಾವಿರ ಪೌಂಡ್ ಹೋಯಿತು.

ಗಮನಿಸಿ, ಇದು ಲಿಫ್ಟ್ ಮೇಲೆ ಬೀಳುವ ತೂಕ. ಇಡೀ ಕಾರಿನ ತೂಕವಲ್ಲ. ಉಳಿದದ್ದು ಕಾರಿನ ನೆಲದ ಮೇಲಿನ ಚಕ್ರಗಳಲ್ಲೇ ಇರುತ್ತದೆ.

ಹಿಂದಿನ ಆಕ್ಸಲ್‌ಗೂ ಇದೇ ಏಟು. 3,000 ಪೌಂಡ್ ಎತ್ತಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 3,000 ಅಲ್ಲ. 169 ಇಂಚಿನ ವೀಲ್‌ಬೇಸ್, 90 ಇಂಚಿನ ಚಾಚಿನಲ್ಲಿ ಮುಂದಿನಿಂದ ಸುಮಾರು 1,600 ಪೌಂಡ್ ಹಿಂದಕ್ಕೆ ಬಂದು ಒಟ್ಟು 4,600 ಆಗುತ್ತದೆ. ಎಫ್-350ರಂಥ ಗಾಡಿ ಸೋಲುವುದು ಇಲ್ಲೇ. ಒಟ್ಟು ತೂಕದ ಮಿತಿ ಇನ್ನೂ ದಾಟಿರುವುದಿಲ್ಲ, ಹಿಂದಿನ ಆಕ್ಸಲ್ ಮತ್ತು ಟೈರಿನ ಮಿತಿ ಆಗಲೇ ಮುಗಿದಿರುತ್ತದೆ. ಎಫ್-550 ಮತ್ತು ರ‍್ಯಾಮ್ 5500ಕ್ಕೆ 19.5 ಇಂಚಿನ ವಾಣಿಜ್ಯ ಟೈರು ಬರುತ್ತದೆ. ಅದರ ಪಕ್ಕ ಗಟ್ಟಿ, ಭಾರ ಬಿದ್ದಾಗ ಓಲಾಡುವುದು ಕಡಿಮೆ. ಕ್ಲಾಸ್ 3ರಿಂದ ಕ್ಲಾಸ್ 5ಕ್ಕೆ ಹೋಗಲು ಟೈರೊಂದೇ ಸಾಕಷ್ಟು ಕಾರಣ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಕ್ಲಾಸ್ 3 ಯಾರಿಗೂ ಬೇಡವೇ? ಒಬ್ಬರಿಗೆ ಬೇಕು. ಸಾಲ ಕಟ್ಟದವರ ಕಾರನ್ನು ಬ್ಯಾಂಕಿನ ಪರವಾಗಿ ಎತ್ತಿ ತರುವ, ಅಮೆರಿಕದಲ್ಲಿ ರೆಪೊ ಎಂದು ಕರೆಯುವ ಕೆಲಸ ಮಾಡುವವರಿಗೆ. ಅವರಿಗೆ ಬೂಮ್ ಬೇಕಿಲ್ಲ. ಡ್ರೈವರ್ ಕೆಳಗಿಳಿಯದೆ ಒಳಗಿನಿಂದಲೇ ಕಾರನ್ನು ಕಚ್ಚಿ ಎತ್ತುವ ಸೆಲ್ಫ್ ಲೋಡರ್ ಸಾಕು. ಅಪಾರ್ಟ್‌ಮೆಂಟಿನ ಇಕ್ಕಟ್ಟಾದ ಪಾರ್ಕಿಂಗ್ ಜಾಗದಲ್ಲಿ ಗಿಡ್ಡ ಗಾಡಿಯೇ ಚೆನ್ನ. ಎಫ್-350 ಅಥವಾ ರ‍್ಯಾಮ್ 3500, ಹಿಂದೆ ಜೋಡಿ ಚಕ್ರ, ಕ್ಯಾಬಿನ್ನಿನ ಬೆನ್ನಿನಿಂದ ಹಿಂದಿನ ಆಕ್ಸಲ್‌ವರೆಗೆ 60 ಇಂಚು ಇರುವ ಷಾಸಿ. ಅಷ್ಟು ಸಾಕು. ಪೊಲೀಸರ ಕರೆ ಪಟ್ಟಿಯಲ್ಲಿ ಹೆಸರು ಸೇರಿಸುವ ಆಸೆ ಇದ್ದರೆ ಮಾತ್ರ ಮೊದಲು ಅಲ್ಲಿನ ನಿಯಮ ಓದಿ. ಕ್ಯಾಲಿಫೋರ್ನಿಯಾ ಹೈವೇ ಪೆಟ್ರೋಲ್‌ನಂಥ ಇಲಾಖೆಗಳು ತಮ್ಮ ಪಟ್ಟಿಗೆ ಬರುವ ಟ್ರಕ್ಕುಗಳಿಗೆ ಕನಿಷ್ಠ ಒಟ್ಟು ತೂಕದ ಮಿತಿ ಹಾಕುತ್ತವೆ.

ರೋಲ್‌ಬ್ಯಾಕ್ ಆದರೆ ಲೆಕ್ಕವೇ ಬೇರೆ

ಇಡೀ ಕಾರನ್ನು ಜಾರುವ ಡೆಕ್ ಮೇಲೆ ಹತ್ತಿಸಿಕೊಳ್ಳುವ ಗಾಡಿ ರೋಲ್‌ಬ್ಯಾಕ್. ಇಲ್ಲಿ ಏತದ ಲೆಕ್ಕ ಹಿಂದೆ ಸರಿಯುತ್ತದೆ, ಬರೀ ಹೊರುವ ತೂಕ ಮುಂದೆ ಬರುತ್ತದೆ. ಕ್ಲಾಸ್ 5 ಷಾಸಿಗಳ ಮಿತಿ ಬೇಗ ಕಾಣುವುದೂ ಇಲ್ಲೇ.

ಕೂಡಿಸಿ ನೋಡಿ. ಡೀಸೆಲ್ ಎಫ್-550 ಷಾಸಿ 8,000 ಪೌಂಡ್ ಎಂದಿಟ್ಟುಕೊಳ್ಳೋಣ. 19 ಅಡಿಯ ಉಕ್ಕಿನ ಡೆಕ್, ಹಿಂದೆ ವೀಲ್ ಲಿಫ್ಟ್ ಸೇರಿ 4,500. ಡ್ರೈವರ್, ತುಂಬಿದ ಟ್ಯಾಂಕ್, ಸರಪಳಿ, ಪಟ್ಟಿ, ಡಾಲಿ, ಸಾಮಾನು ಪೆಟ್ಟಿಗೆ ಸೇರಿ 900. ಒಟ್ಟು 13,400. 19,500ರಲ್ಲಿ ಉಳಿದದ್ದು 6,100 ಪೌಂಡ್. ಸಾಮಾನ್ಯ ಕಾರಿಗೆ ಇದು ಧಾರಾಳ. ಆದರೆ ಅಮೆರಿಕದ ರಸ್ತೆಯಲ್ಲಿ ಈಗ ಓಡುವುದು ಬರೀ ಕಾರಲ್ಲ. ನಾಲ್ಕು ಬಾಗಿಲಿನ ಡೀಸೆಲ್ ಪಿಕಪ್ ಒಂದು 7,000 ಪೌಂಡ್ ದಾಟುತ್ತದೆ. ರಿವಿಯನ್ ಆರ್1ಟಿ ಎಂಬ ವಿದ್ಯುತ್ ಪಿಕಪ್ ಹತ್ತಿರ ಹತ್ತಿರ 7,000. ಜಿಎಂಸಿ ಹಮ್ಮರ್‌ನ ವಿದ್ಯುತ್ ಪಿಕಪ್ 9,000 ದಾಟುತ್ತದೆ.

ವಿದ್ಯುತ್ ಗಾಡಿಗಳ ಚಕ್ರ ನೆಲದ ಮೇಲೆ ಉರುಳುತ್ತಾ ಬಂದರೆ ಮೋಟಾರು ತಿರುಗಿ ಹಾಳಾಗುವ ಭಯ ಇದೆ. ಆದ್ದರಿಂದ ತಯಾರಕರು ಸಾಮಾನ್ಯವಾಗಿ ಡೆಕ್ ಮೇಲೆಯೇ ಸಾಗಿಸಿ ಎನ್ನುತ್ತಾರೆ. ಅಂದರೆ ಅತಿ ಭಾರದ ಗಾಡಿಗಳೇ ರೋಲ್‌ಬ್ಯಾಕ್ ಹತ್ತಬೇಕು. ಕ್ಲಾಸ್ 5 ರೋಲ್‌ಬ್ಯಾಕ್ ಇಟ್ಟುಕೊಂಡವರು ಒಂದೋ ಅಂಥ ಕರೆಗಳನ್ನು ಬಿಡಬೇಕು, ಇಲ್ಲವೇ ಮಿತಿ ಮೀರಿ ಓಡಿಸಬೇಕು. ಎರಡನೆಯದನ್ನು ಮಾಡಬೇಡಿ. ತಪಾಸಣೆಯ ಕಾಟ ಒಂದೇ ಅಲ್ಲ, ಅಪಘಾತವಾದರೆ ವಿಮೆಯವರು ಮೊದಲು ಕೇಳುವುದು ತೂಕವನ್ನೇ.

ಅಲ್ಯೂಮಿನಿಯಂ ಡೆಕ್ ಹಾಕಿಸಿದರೆ ಕೆಲವು ನೂರು ಪೌಂಡ್ ಉಳಿಯುತ್ತದೆ. ಫೋರ್-ವೀಲ್ ಡ್ರೈವ್ ಬಿಟ್ಟರೆ ಇನ್ನಷ್ಟು. ಪೆಟ್ರೋಲ್ ಎಂಜಿನ್ ಹಾಕಿಸಿದರೆ ಮತ್ತೂ ಸ್ವಲ್ಪ. ಇವೆಲ್ಲ ಸೇರಿಸಿ ಕ್ಲಾಸ್ 5ರಲ್ಲೇ 7,000ದ ಹತ್ತಿರ ಹೋಗಬಹುದು. ಆದರೆ ಹೊಸದಾಗಿ ಕಟ್ಟಿಸುವವರಿಗೆ ನನ್ನ ಸಲಹೆ ನೇರ: ರೋಲ್‌ಬ್ಯಾಕ್ ಎಂದರೆ ಕ್ಲಾಸ್ 6. ಎಫ್-600 ಇಲ್ಲಿ ಒಳ್ಳೆಯ ನಡುದಾರಿ. 2020ರ ಮಾಡೆಲ್‌ನಿಂದ ಬಂದ ಈ ಗಾಡಿಗೆ ಎಫ್-550ರ ಕ್ಯಾಬಿನ್, ಅದೇ ಅಗಲ, ಅದೇ ಓಡಿಸುವ ಅನುಭವ. ಮಿತಿ ಮಾತ್ರ 2,500 ಪೌಂಡ್ ಜಾಸ್ತಿ. ಮೇಲಿನ ಲೆಕ್ಕದಲ್ಲಿ 6,100 ಇದ್ದದ್ದು ಷಾಸಿಯ ಸ್ವಂತ ತೂಕ ಸ್ವಲ್ಪ ಏರಿದರೂ 8,000 ದಾಟುತ್ತದೆ.

ಪಿಕಪ್ ಕುಟುಂಬದ ಹೊರಗೂ ಒಮ್ಮೆ ಕಣ್ಣು ಹಾಯಿಸಿ. ಫ್ರೈಟ್‌ಲೈನರ್ ಎಂ2, ಇಂಟರ್‌ನ್ಯಾಷನಲ್ ಎಂವಿ, ಫೋರ್ಡ್‌ನದ್ದೇ ಎಫ್-650. ಇವುಗಳನ್ನು 26,000 ಪೌಂಡ್ ಅಥವಾ ಅದಕ್ಕಿಂತ ಒಂದು ಪೌಂಡ್ ಕಡಿಮೆಗೆ ನಿಗದಿ ಮಾಡಿಸಿ 21 ಅಡಿಯ ಡೆಕ್ ಕೂರಿಸುವುದು ಅಲ್ಲಿ ತುಂಬ ಸಾಮಾನ್ಯ. ಹೆದ್ದಾರಿಯ ಕೆಲಸವೇ ಮುಖ್ಯ, ಒಂದೇ ಸಲಕ್ಕೆ ಎರಡೆರಡು ಗಾಡಿ ಸಾಗಿಸಬೇಕು ಎಂದರೆ ಇವೇ ಸರಿ. ನಗರದ ಒಳಗೆ, ಬಹುಮಹಡಿ ಪಾರ್ಕಿಂಗ್‌ಗಳ ಬಳಿ, ಇವುಗಳ ಎತ್ತರ ಮತ್ತು ಉದ್ದ ಎರಡೂ ಕಾಡುತ್ತವೆ.

26,000 ಯಾಕೆ? ಅದನ್ನು ಒಂದು ಪೌಂಡ್ ದಾಟಿದರೂ ವಾಣಿಜ್ಯ ಚಾಲನಾ ಪರವಾನಗಿ, ಅಂದರೆ ಸಿಡಿಎಲ್ ಬೇಕು. ಎಳೆಯುವಾಗ ಇನ್ನೊಂದು ಲೆಕ್ಕ ಸೇರುತ್ತದೆ. ಎರಡೂ ಗಾಡಿಗಳ ಮಿತಿ ಸೇರಿ 26,001 ಆದರೆ, ಜೊತೆಗೆ ಹಿಂದೆ ಎಳೆಸಿಕೊಂಡು ಬರುವ ಗಾಡಿಯ ಸ್ವಂತ ಮಿತಿ 10,000 ದಾಟಿದ್ದರೆ, ಕ್ಲಾಸ್ ಎ ಪರವಾನಗಿ ಬೇಕು. 19,500ರ ಎಫ್-550 ಹಿಂದೆ 14,000ದ ಜೋಡಿ ಚಕ್ರದ ಪಿಕಪ್ ತೂಗುಹಾಕಿದರೆ ಮೊತ್ತ 33,500. ಎರಡೂ ಷರತ್ತು ಕೂಡಿ ಬಂದವು. ಚಿಕ್ಕ ಟ್ರಕ್ ಅಲ್ವಾ, ಸಿಡಿಎಲ್ ಯಾಕೆ ಎಂದು ಸುಮ್ಮನಿರುವಂತಿಲ್ಲ. ರಾಜ್ಯದಿಂದ ರಾಜ್ಯಕ್ಕೆ ಹೆಚ್ಚಿನ ನಿಯಮಗಳೂ ಇರುತ್ತವೆ, ವಿಚಾರಿಸಿ.

ಈಗ ಮೂರು ಕಂಪನಿ

ಫೋರ್ಡ್ ಎಫ್-550. ಅಮೆರಿಕದ ರಸ್ತೆಯಲ್ಲಿ ರೆಕರ್ ಎಂದರೆ ಕಣ್ಣ ಮುಂದೆ ಬರುವ ಗಾಡಿ ಇದು. 1999ರ ಮಾಡೆಲ್‌ನಿಂದ ಇದೆ. ಬಾಡಿ ಕಟ್ಟುವವರಿಗೆ ಇದರ ಪ್ರತಿ ತೂತೂ ಗೊತ್ತು. ಬಿಡಿಭಾಗ ಎಲ್ಲಿಯೂ ಸಿಗುತ್ತದೆ, ಕೈ ಹಾಕುವ ಮೆಕ್ಯಾನಿಕ್‌ಗಳೂ ಸಿಗುತ್ತಾರೆ. ಮುಂದಿನ ಆಕ್ಸಲ್ ಅಗಲವಾಗಿರುವುದರಿಂದ ಚಕ್ರ ಚೆನ್ನಾಗಿ ತಿರುಗುತ್ತದೆ. ಎರಡು ಎಂಜಿನ್‌ಗಳ ಆಯ್ಕೆ ಇದೆ, ಅದರ ಮಾತು ಮುಂದೆ ಬರುತ್ತದೆ. ನಿಂತಲ್ಲೇ ವಿಂಚ್ ಓಡಿಸಲು ಬೇಕಾದ ಪಿಟಿಒ ಸೌಲಭ್ಯವನ್ನು ಕಾರ್ಖಾನೆಯಿಂದಲೇ ಹಾಕಿಸಬಹುದು. ದೂರು ಏನೆಂದರೆ, ಡೀಸೆಲ್ ಎಂಜಿನ್ ಕೋಣೆ ಕಿಕ್ಕಿರಿದಿದೆ. ದೊಡ್ಡ ರಿಪೇರಿಗೆ ಕ್ಯಾಬಿನ್ ಎತ್ತಿಯೇ ಕೆಲಸ ಮಾಡುವವರಿದ್ದಾರೆ, ಅದು ಕೂಲಿಯಲ್ಲಿ ಕಾಣುತ್ತದೆ.

ರ‍್ಯಾಮ್ 5500. ಇದರ ಬಲವೆಲ್ಲ ಕಮಿನ್ಸ್ 6.7 ಲೀಟರ್ ಎಂಜಿನ್. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ. ಎರಡೂ ಪಕ್ಕ ಕೈ ಆಡಿಸಲು ಜಾಗ ಇರುತ್ತದೆ, ರಿಪೇರಿ ಸುಲಭ. 2019ರಿಂದ ಷಾಸಿ ಕ್ಯಾಬ್‌ನಲ್ಲಿ 360 ಅಶ್ವಶಕ್ತಿ, 800 ಪೌಂಡ್-ಅಡಿ. ಎಂಜಿನ್ ಹೊಗೆಯ ದಾರಿ ತಡೆದು ಗಾಡಿಯ ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ತುಂಬ ಚೆನ್ನಾಗಿದೆ. ಕೊಲೊರಾಡೊ, ಪಶ್ಚಿಮ ವರ್ಜೀನಿಯಾದಂಥ ಬೆಟ್ಟದ ಇಳಿಜಾರಿನಲ್ಲಿ ಹಿಂದೆ ಕಾರು ತೂಗುಹಾಕಿಕೊಂಡು ಇಳಿಯುವಾಗ ಇದು ಕೊಡುವ ನೆಮ್ಮದಿಗೆ ಬೆಲೆ ಕಟ್ಟಲಾಗದು. ಮೊದಲು ಆರು ಗೇರಿನ ಐಸಿನ್ ಗೇರ್‌ಬಾಕ್ಸ್ ಬರುತ್ತಿತ್ತು. ಗಟ್ಟಿಮುಟ್ಟಾದದ್ದು, ಗೇರ್ ಬದಲಿಸುವುದು ಮಾತ್ರ ಸ್ವಲ್ಪ ನಿಧಾನ. 2025ರ ಮಾಡೆಲ್‌ನಿಂದ ಎಂಟು ಗೇರಿನದ್ದು ಬಂದಿದೆ. ಪೆಟ್ರೋಲ್ ಬೇಕೆಂದರೆ 6.4 ಲೀಟರ್ ಹೆಮಿ. ಗಂಟೆಗಟ್ಟಲೆ ನಿಂತಲ್ಲೇ ಓಡುವ ಗಾಡಿಗೆ ಅದನ್ನು ನಾನು ಹೇಳುವುದಿಲ್ಲ. ಲಿಫ್ಟರ್ ಮತ್ತು ಕ್ಯಾಮ್‌ಶಾಫ್ಟ್ ಸವೆಯುವುದು ಆ ಎಂಜಿನ್ ಕುಟುಂಬದ ಹಳೆಯ ತೊಂದರೆ. ರ‍್ಯಾಮ್ ಎಂದರೆ ಕಮಿನ್ಸ್, ಅಷ್ಟೇ.

ಶೆವ್ರೊಲೆ ಸಿಲ್ವರಾಡೊ 5500 ಮತ್ತು 6500. ಶೆವ್ರೊಲೆಯ ಮಾತೃ ಕಂಪನಿ ಜಿಎಂ 2009ರಲ್ಲಿ ಈ ವರ್ಗ ಬಿಟ್ಟು ಹೋಗಿತ್ತು. 2019ರ ಮಾಡೆಲ್‌ನೊಂದಿಗೆ ವಾಪಸ್ ಬಂತು. ಗಾಡಿ ತಯಾರಾದದ್ದು ನ್ಯಾವಿಸ್ಟಾರ್ ಎಂಬ ಟ್ರಕ್ ಕಂಪನಿಯ ಜೊತೆಗೂಡಿ, ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಇಂಟರ್‌ನ್ಯಾಷನಲ್ ಸಿವಿ ಎಂಬ ಹೆಸರಿನಲ್ಲಿ ಬಂದದ್ದು ಇದರದ್ದೇ ಜೋಡಿ. ಹೆಸರು ಪಿಕಪ್‌ನದ್ದಾದರೂ ಷಾಸಿ ನಿಜವಾದ ಟ್ರಕ್ಕಿನದ್ದು. ಬಾನೆಟ್ ಮುಂದಕ್ಕೆ ಪೂರ್ತಿ ಮಗುಚುತ್ತದೆ. ಎಂಜಿನ್ ಸುತ್ತ ನಿಂತು ಕೆಲಸ ಮಾಡಬಹುದು. ಮುಂದಿನ ಚಕ್ರ 50 ಡಿಗ್ರಿವರೆಗೆ ತಿರುಗುತ್ತದೆ. ಹಳೆಯ ನಗರಗಳ ಕಿರಿದಾದ ಗಲ್ಲಿಗಳಲ್ಲಿ ಓಡಿಸುವವರು ಒಮ್ಮೆ ಇದನ್ನು ತಿರುಗಿಸಿ ನೋಡಲೇಬೇಕು. ಎಂಜಿನ್ 350 ಅಶ್ವಶಕ್ತಿಯ 6.6 ಲೀಟರ್ ಡ್ಯುರಾಮ್ಯಾಕ್ಸ್ ಡೀಸೆಲ್, ಜೊತೆಗೆ ಆಲಿಸನ್ ಗೇರ್‌ಬಾಕ್ಸ್. ಪೆಟ್ರೋಲ್ ಆಯ್ಕೆ ಇಲ್ಲ. ಮಾರಾಟವಾದ ಸಂಖ್ಯೆ ಫೋರ್ಡ್‌ಗಿಂತ ಬಹಳ ಕಡಿಮೆ. ಆದ್ದರಿಂದ ಹೊಸ ಗಾಡಿ ಇನ್ನೂ ಸಿಗುತ್ತದಾ, ನಿಮ್ಮ ಊರಿನ ಹತ್ತಿರ ಈ ವರ್ಗದ ಗಾಡಿ ನೋಡುವ ಡೀಲರ್ ಇದ್ದಾರಾ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಸಾಮಾನ್ಯ ಶೆವ್ರೊಲೆ ಡೀಲರ್‌ಗಳೆಲ್ಲ ಇದನ್ನು ಮುಟ್ಟುವುದಿಲ್ಲ. ರಿಪೇರಿಗೆ ನಿಂತ ಟೋ ಟ್ರಕ್ ದುಡಿಯುವುದಿಲ್ಲ, ಸಾಲದ ಕಂತು ನಿಲ್ಲುವುದಿಲ್ಲ.

ಒಂದೇ ಗಾಡಿಯಿಂದ ಶುರು ಮಾಡುವವರಿಗೆ, ರೆಕರ್ ಕೆಲಸಕ್ಕೆ, ನಾನು ಎಫ್-550 ಎನ್ನುತ್ತೇನೆ. ಬೆಟ್ಟ ಮತ್ತು ಉದ್ದದ ಹೆದ್ದಾರಿ ಇದ್ದರೆ ರ‍್ಯಾಮ್ 5500. ಡೀಲರ್ ಪಕ್ಕದಲ್ಲೇ ಇದ್ದು, ನಗರದಲ್ಲಿ ರೋಲ್‌ಬ್ಯಾಕ್ ಓಡಿಸುವುದಾದರೆ ಸಿಲ್ವರಾಡೊ 6500.

ಡೀಸೆಲ್ಲಾ, ಪೆಟ್ರೋಲಾ?

ಹತ್ತು ಹದಿನೈದು ವರ್ಷದ ಹಿಂದೆ ಈ ಪ್ರಶ್ನೆಗೆ ಉತ್ತರ ಡೀಸೆಲ್ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಈಗ ಹಾಗಿಲ್ಲ. 2010ರ ಹೊಗೆ ನಿಯಮಗಳ ನಂತರ ಡೀಸೆಲ್ ಟ್ರಕ್ಕುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಮತ್ತು ಡಿಇಎಫ್ ಎಂಬ ಯೂರಿಯಾ ದ್ರವದ ವ್ಯವಸ್ಥೆ ಎರಡೂ ಇರುತ್ತವೆ. ಫಿಲ್ಟರ್ ತನ್ನನ್ನು ತಾನು ಸುಟ್ಟು ಸ್ವಚ್ಛ ಮಾಡಿಕೊಳ್ಳಲು ಎಂಜಿನ್ ಬಿಸಿಯಾಗಿ ಸ್ವಲ್ಪ ಹೊತ್ತು ಓಡಬೇಕು. ಟೋ ಟ್ರಕ್ ಮಾಡುವುದು ಇದಕ್ಕೆ ತದ್ವಿರುದ್ಧ. ಎರಡು ಮೈಲಿ ಓಡುತ್ತದೆ, ರಸ್ತೆ ಬದಿ ಅರ್ಧ ಗಂಟೆ ದೀಪ ಹೊಳೆಯಿಸಿಕೊಂಡು ನಿಲ್ಲುತ್ತದೆ, ಮತ್ತೆ ಮೂರು ಮೈಲಿ. ಮಸಿ ಕಟ್ಟುತ್ತದೆ, ಎಚ್ಚರಿಕೆ ದೀಪ ಬರುತ್ತದೆ, ಕೊನೆಗೆ ಎಂಜಿನ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಇದಕ್ಕೆ ಉಪಾಯ ಎಂದು ಕೆಲವರು ಆ ಇಡೀ ವ್ಯವಸ್ಥೆಯನ್ನೇ ಕಿತ್ತು ಹಾಕಿಸುತ್ತಾರೆ. ಅದು ಕ್ಲೀನ್ ಏರ್ ಆಕ್ಟ್ ಪ್ರಕಾರ ಕಾನೂನುಬಾಹಿರ. ಹಾಗೆ ಕಿತ್ತ ಗಾಡಿಯನ್ನು ಕಡಿಮೆ ಬೆಲೆಗೆ ಕೊಡುತ್ತೇವೆ ಎಂದರೆ ಮುಟ್ಟಬೇಡಿ.

ಫೋರ್ಡ್ 2020ರ ಮಾಡೆಲ್‌ನಿಂದ ಕೊಡುತ್ತಿರುವ 7.3 ಲೀಟರ್ ಪೆಟ್ರೋಲ್ ವಿ8 ಇಲ್ಲಿ ಆಟ ಬದಲಿಸಿತು. ಸರಳವಾದ ಹಳೆಯ ಬಗೆಯ ವಿನ್ಯಾಸ. ಡಿಪಿಎಫ್ ಇಲ್ಲ, ಡಿಇಎಫ್ ಇಲ್ಲ, ಅಧಿಕ ಒತ್ತಡದ ಡೀಸೆಲ್ ಪಂಪಿನ ಚಿಂತೆ ಇಲ್ಲ. ಕೊಳ್ಳುವ ಬೆಲೆಯಲ್ಲೇ ಸಾವಿರಾರು ಡಾಲರ್ ಉಳಿಯುತ್ತದೆ, ಮುಂದಿನ ಆಕ್ಸಲ್ ಮೇಲಿನ ತೂಕವೂ ಇಳಿಯುತ್ತದೆ. ತಾಳಿ, ಇಲ್ಲೊಂದು ಸಿಕ್ಕು ಇದೆ. ರೋಲ್‌ಬ್ಯಾಕ್‌ಗೆ ಮುಂದೆ ತೂಕ ಕಡಿಮೆಯಾದರೆ ಲಾಭ. ವೀಲ್ ಲಿಫ್ಟ್‌ಗೆ ನಷ್ಟ. ಹಿಂದೆ ಮಾಡಿದ ಲೆಕ್ಕಕ್ಕೆ ಹೋಗಿ ಮುಂದಿನ ಆಕ್ಸಲ್‌ನ 6,000ದ ಜಾಗದಲ್ಲಿ 5,400 ಹಾಕಿ ನೋಡಿ. 5,630 ಇದ್ದ ಮಿತಿ 5,070ಕ್ಕೆ ಬರುತ್ತದೆ. ನಗರದ ಕಾರುಗಳಿಗೆ ಅದು ಧಾರಾಳವಾಗಿ ಸಾಕು. ದಿನವೂ ದೊಡ್ಡ ಪಿಕಪ್ ಎತ್ತುವವರು ಮಾತ್ರ ಡೀಸೆಲ್‌ನ ತೂಕವನ್ನೇ ಅನುಕೂಲ ಎಂದು ಎಣಿಸಬೇಕು.

ನಗರದೊಳಗೆ ಚಿಕ್ಕ ಓಟ, ಜಾಸ್ತಿ ಹೊತ್ತು ನಿಲ್ಲುವ ಕೆಲಸ ಎಂದರೆ ಪೆಟ್ರೋಲ್. ದಿನಕ್ಕೆ ನೂರಾರು ಮೈಲಿ ಹೆದ್ದಾರಿ, ಬೆಟ್ಟ, ಎತ್ತರದ ಪ್ರದೇಶ ಎಂದರೆ ಟರ್ಬೊ ಇರುವ ಡೀಸೆಲ್.

ಆರ್ಡರ್ ಹಾಳೆಯಲ್ಲಿ ಇನ್ನೇನು ನೋಡಬೇಕು

ಕ್ಯಾಬಿನ್ನಿನ ಬೆನ್ನಿನಿಂದ ಹಿಂದಿನ ಆಕ್ಸಲ್ ನಡುವಿನವರೆಗಿನ ದೂರಕ್ಕೆ ಸಿಎ ಎನ್ನುತ್ತಾರೆ. ಬಾಡಿ ಕೂರುವುದು ಈ ಜಾಗದಲ್ಲಿ. ಚಿಕ್ಕ ರೆಕರ್‌ಗೆ 60 ಇಂಚು, ಬೂಮ್ ಮತ್ತು ಸಾಮಾನು ಪೆಟ್ಟಿಗೆ ಇರುವ ರೆಕರ್‌ಗೆ 84, 19 ಅಡಿಯ ರೋಲ್‌ಬ್ಯಾಕ್‌ಗೆ 120. ಎಕ್ಸಾಸ್ಟ್ ಕೊಳವೆ, ಡಿಇಎಫ್ ಟ್ಯಾಂಕ್ ಈ ಜಾಗದೊಳಗೆ ಚಾಚಿಕೊಂಡಿದ್ದರೆ ಕಾಗದದ ಮೇಲಿನ 60 ನಿಜದಲ್ಲಿ 60 ಇರುವುದಿಲ್ಲ. ಬಾಡಿ ಕಟ್ಟುವವರಿಗೆ ಷಾಸಿಯ ನಕ್ಷೆ ಕೊಟ್ಟು ಹೂಂ ಎನಿಸಿಕೊಂಡ ಮೇಲೆಯೇ ಮುಂಗಡ ಕೊಡಿ.

ಪಿಟಿಒ ಸೌಲಭ್ಯ ಆರ್ಡರ್ ಮಾಡುವಾಗಲೇ ಹಾಕಿಸಿ. ಆಮೇಲೆ ಸೇರಿಸಲು ಹೋದರೆ ಖರ್ಚೂ ಜಾಸ್ತಿ, ತಂತಿ ಕೆಲಸದ ತಲೆನೋವೂ ಜಾಸ್ತಿ. ದೊಡ್ಡ ಆಲ್ಟರ್ನೇಟರ್ ಅಥವಾ ಜೋಡಿ ಆಲ್ಟರ್ನೇಟರ್ ತೆಗೆದುಕೊಳ್ಳಿ. ಎಚ್ಚರಿಕೆ ದೀಪ, ಕೆಲಸದ ದೀಪ, ಬೇರೆಯವರ ಬ್ಯಾಟರಿಗೆ ಜಂಪ್ ಕೊಡುವುದು ಎಲ್ಲ ಅದರ ಮೇಲೇ.

ಫೋರ್-ವೀಲ್ ಡ್ರೈವ್ ಹಿಮದ ರಾಜ್ಯಗಳಿಗೆ ಮತ್ತು ಹೊಲಕ್ಕಿಳಿದ ಗಾಡಿ ಎಳೆಯುವವರಿಗೆ. ಉಳಿದವರಿಗೆ ಬೇಡ. ತೂಕ ಏರುತ್ತದೆ, ಗಾಡಿಯೂ ಎತ್ತರವಾಗುತ್ತದೆ. ರೋಲ್‌ಬ್ಯಾಕ್‌ನಲ್ಲಿ ಡೆಕ್ ಎತ್ತರವಾದಷ್ಟೂ ಹತ್ತಿಸುವ ಕೋನ ಕಡಿದಾಗಿ, ತಗ್ಗಾದ ಕಾರಿನ ಬಂಪರ್ ಉಜ್ಜುತ್ತದೆ.

ಕ್ಯಾಬಿನ್ ವಿಷಯದಲ್ಲಿ ನನ್ನ ಒಲವು ಎರಡು ಸಾಲಿನ ಸೀಟಿನ ಕಡೆಗೆ. ಕೆಟ್ಟ ಕಾರಿನ ಜೊತೆ ಒಂದು ಕುಟುಂಬವೂ ಇರುತ್ತದೆ. ರಾತ್ರಿ ಹನ್ನೆರಡಕ್ಕೆ ಹೆದ್ದಾರಿ ಬದಿಯಲ್ಲಿ ಮಕ್ಕಳನ್ನು ಬಿಟ್ಟು ಕಾರು ಮಾತ್ರ ಒಯ್ಯುವುದು ಹೇಗೆ? ಬರೀ ಜಪ್ತಿ ಅಥವಾ ಹರಾಜು ಗಾಡಿ ಸಾಗಿಸುವವರಿಗೆ ಒಂದು ಸಾಲು ಸಾಕು, ತಿರುವು ಸುಲಭವಾಗುತ್ತದೆ.

ಹಳೆಯದು ಕೊಳ್ಳುವುದಾದರೆ

ಫೋರ್ಡ್‌ನಲ್ಲಿ ವರ್ಷ ನೋಡಿ ಕೊಳ್ಳಿ. 2003ರವರೆಗಿನ 7.3 ಡೀಸೆಲ್ ಗಟ್ಟಿ, ಆದರೆ ಈಗ ತುಂಬ ಹಳೆಯದು. ನಂತರದ 6.0 ಲೀಟರ್‌ಗೆ ಇಜಿಆರ್ ಕೂಲರ್ ಮತ್ತು ಹೆಡ್ ಗ್ಯಾಸ್ಕೆಟ್ ತೊಂದರೆ, 2008ರಿಂದ 2010ರ 6.4ಕ್ಕೆ ದುಬಾರಿ ರಿಪೇರಿ. ಇವೆರಡನ್ನೂ ಬಿಟ್ಟು 2011ರ ನಂತರದ 6.7ಕ್ಕೆ ಹೋಗಿ. ಅದರಲ್ಲಿರುವ ಸಿಪಿ4 ಇಂಧನ ಪಂಪ್ ಒಳಗೆ ಸವೆದು ಮುರಿದರೆ ಲೋಹದ ಪುಡಿ ಇಡೀ ಇಂಧನ ವ್ಯವಸ್ಥೆಗೆ ಹರಡುತ್ತದೆ. ಅದಕ್ಕೆ ಇಂಧನ ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಿದ ದಾಖಲೆ ಕೇಳಿ. 2019 ಮತ್ತು 2020ರ ರ‍್ಯಾಮ್ ಕಮಿನ್ಸ್‌ನಲ್ಲೂ ಅದೇ ಪಂಪ್ ಇತ್ತು. ಕಂಪನಿ ಅವನ್ನು ರೀಕಾಲ್ ಮಾಡಿ ಹಳೆಯ ಸಿಪಿ3ಕ್ಕೆ ಮರಳಿತು. ಆ ವರ್ಷದ ಗಾಡಿಯಾದರೆ ರೀಕಾಲ್ ಕೆಲಸ ಆಗಿದೆಯೇ ಎಂದು ಷಾಸಿ ನಂಬರ್ ಕೊಟ್ಟು ತಿಳಿದುಕೊಳ್ಳಿ. 2009ರವರೆಗಿನ ಜಿಎಂ ಕೊಡಿಯಾಕ್ ಸಿ4500, ಸಿ5500 ಒಳ್ಳೆಯ ಟ್ರಕ್ಕುಗಳೇ. ಆದರೆ ಆ ಸಾಲು ನಿಂತು ಹೋಗಿ ಬಹಳ ವರ್ಷವಾಗಿದೆ, ಕ್ಯಾಬಿನ್ ಭಾಗ ಹುಡುಕುವುದು ಕಷ್ಟ.

ಟೋ ಟ್ರಕ್ಕಿನಲ್ಲಿ ಓಡಿದ ಮೈಲಿಗಿಂತ ಎಂಜಿನ್ ಓಡಿದ ಗಂಟೆ ಮುಖ್ಯ. ಎರಡನ್ನೂ ಕೇಳಿ. ಗಾಡಿಯ ಅಡಿಗೆ ಹೋಗಿ ಸಬ್‌ಫ್ರೇಮ್ ಮತ್ತು ಚೌಕಟ್ಟು ಸೇರುವಲ್ಲಿ ಟಾರ್ಚ್ ಹಿಡಿಯಿರಿ. ಬಿರುಕು, ಹೊಸ ಬಣ್ಣದ ಕೆಳಗಿನ ವೆಲ್ಡಿಂಗ್, ಚೌಕಟ್ಟಿನ ಅಂಚಿನಲ್ಲಿ ಕೊರೆದ ತೂತು ಕಂಡರೆ ಬೆಲೆ ಚೌಕಾಸಿ ಮಾಡಬೇಡಿ, ಬಿಟ್ಟು ಬನ್ನಿ.

ಹೊಸದಿರಲಿ ಹಳೆಯದಿರಲಿ, ಟ್ಯಾಂಕ್ ತುಂಬಿಸಿ, ಸಾಮಾನೆಲ್ಲ ಹಾಕಿ, ಡ್ರೈವರ್ ಕೂರಿಸಿ ತೂಕದ ಸೇತುವೆಗೆ ಒಯ್ಯಿರಿ. ಮುಂದಿನ ಆಕ್ಸಲ್ ಬೇರೆ, ಹಿಂದಿನದು ಬೇರೆ ತೂಗಿಸಿ. ಆ ಎರಡು ಅಂಕಿ, ವೀಲ್‌ಬೇಸ್ ಮತ್ತು ಚಾಚು, ಇವುಗಳಿಂದ ಬಂದ ಎತ್ತುವ ಮಿತಿಯನ್ನು ಬರೆದು ಡ್ರೈವರ್ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಿ. ಲಿಫ್ಟ್ ಒಳಗಿದ್ದಾಗ ಎಷ್ಟು, ಪೂರ್ತಿ ಚಾಚಿದಾಗ ಎಷ್ಟು, ಎರಡನ್ನೂ ಬರೆಯಿರಿ.